ಹಾಡಿನ ಸುಂಕವೂ ಅತ್ತೆಯ ಮನೆಯ ಕಿಟಕಿಗಳೂ

ಮೊದಲೇ ಹೇಳಿಬಿಡುತ್ತೇನೆ, ನಾನು ಜಿಪುಣನಲ್ಲ. ಅಸ್ಸೆನ್ ಎಂಬ ಈ ಡಚ್ ಊರಿನಲ್ಲಿ ಮೂವತ್ತು ವರ್ಷದಿಂದ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ, ಯಾರನ್ನು ಬೇಕಾದರೂ ಕೇಳಿ ನೋಡಿ. (ನನ್ನ ಹೆಂಡತಿ ಫೆನ್ನಾಳನ್ನು ಮಾತ್ರ ಕೇಳಬೇಡಿ.) ಬಂದವರಿಗೆ ಕಾಫಿಯ ಜೊತೆ ಬಿಸ್ಕತ್ತು ಕೊಡುತ್ತೇನೆ. ಒಂದು ಕೊಟ್ಟ ಕೂಡಲೇ ಡಬ್ಬಿಯ ಮುಚ್ಚಳ ಹಾಕುತ್ತೇನೆ, ಅದೂ ನಿಜ. ಆದರೆ ಅದು ಬಿಸ್ಕತ್ತು ಮೆತ್ತಗಾಗದಿರಲಿ ಎಂಬ ಕಾಳಜಿಯಿಂದ.

ಇಂಥ ದಾನಶೂರನನ್ನು ಕೆರಳಿಸಿದ್ದು ಬೆರಳುದ್ದದ ಒಂದು ಹಾಡಿನ ಯಂತ್ರ. ಡಿಸೆಂಬರ್ ಐದರ, ಉಡುಗೊರೆ ತರುವ ಸಂತರ ಹಬ್ಬವಾದ ಸಿಂತರ್‌ಕ್ಲಾಸ್ ಸಂಜೆಗೆ ಯಾರು ಯಾರಿಗೆ ಉಡುಗೊರೆ ಕೊಡಬೇಕೆಂದು ಮನೆಯಲ್ಲಿ ಚೀಟಿ ಎತ್ತಿದಾಗ ನನ್ನ ಪಾಲಿಗೆ ಬಂದದ್ದು ಅತ್ತೆ ಗೇಸ್ಕೆ. ವಯಸ್ಸು ಎಂಬತ್ನಾಲ್ಕು. ಕಿವಿ ಸ್ವಲ್ಪ ನಿಧಾನ, ನಾಲಿಗೆ ಬಹಳ ಚುರುಕು. ಅವರ ಬಳಿ ಅಕಾರ್ಡಿಯನ್ ಸಂಗೀತದ ನಲವತ್ತು ಹಳೆಯ ರೆಕಾರ್ಡುಗಳಿವೆ, ನುಡಿಸುವ ಯಂತ್ರ ಕೆಟ್ಟು ವರ್ಷವಾಗಿತ್ತು. ಅವನ್ನೆಲ್ಲ ಒಂದು ಪುಟ್ಟ ಯಂತ್ರಕ್ಕೆ ತುಂಬಿಸಿ ಕೊಡೋಣವೆಂದು ನಾನು ಅಂಗಡಿಗೆ ಹೋದೆ. ಬೆಲೆ ನಾನು ಎಣಿಸಿದ್ದಕ್ಕಿಂತ ಹೆಚ್ಚಿತ್ತು.

"ಅದರಲ್ಲಿ ಐದು ಯೂರೋ ನಕಲಿನ ಸುಂಕ ಸೇರಿದೆ," ಎಂದಳು ಅಂಗಡಿಯ ಹುಡುಗಿ.

"ಏನದು?"

"ಇದರೊಳಗೆ ಹಾಡು ನಕಲು ಮಾಡ್ಕೋತೀರಲ್ಲ, ಆ ಹಾಡು ಮಾಡಿದವರಿಗೆ ಹೋಗೋ ದುಡ್ಡು."

"ನಾನು ನಕಲು ಮಾಡ್ತೀನಿ ಅಂತ ನಿಮಗೆ ಯಾರು ಹೇಳಿದ್ದು?"

"ಮತ್ತೆ ಇದನ್ನ ತಗೊಂಡು ಹೋಗಿ ಏನ್ಮಾಡ್ತೀರಿ?"

ನಾನು ನಾಗರಿಕನ ಹಕ್ಕು, ಪ್ರಜಾಪ್ರಭುತ್ವದ ಭವಿಷ್ಯ ಇತ್ಯಾದಿಗಳ ಬಗ್ಗೆ ಕಾಲು ಗಂಟೆ ಭಾಷಣ ಮಾಡಿದೆ. ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದವನೊಬ್ಬ, "ಆ ಐದು ಯೂರೋ ನಾನೇ ಕೊಡ್ತೀನಿ, ದಾರಿ ಬಿಡಿ," ಎಂದ. ಸ್ವಾಭಿಮಾನಿಯಾದ ನಾನು ಬೇಡವೆಂದೆ. (ಅರ್ಧ ನಿಮಿಷ ಯೋಚಿಸಿದ ಮೇಲೆ.) ಪೂರಾ ಬೆಲೆ ತೆತ್ತು ಬುಸುಗುಟ್ಟುತ್ತ ಮನೆಗೆ ಬಂದೆ.

ಫೆನ್ನಾ ಸ್ವೆಟರ್ ಹೆಣೆಯುತ್ತ ಕೂತಿದ್ದಳು.

"ಅತ್ತೆಯ ರೆಕಾರ್ಡು ಅತ್ತೆಯದ್ದು, ಯಂತ್ರ ನನ್ನ ದುಡ್ಡಿಂದು. ಮಧ್ಯೆ ಇನ್ಯಾವನಿಗೋ ಯಾಕೆ ಕೊಡ್ಬೇಕು? ನಾನು ಒಂದು ಪಂಕ್ಚರ್ ಹಾಕ್ತೀನಿ, ಒಂದು ಸಲ ದುಡ್ಡು ತಗೋತೀನಿ. ಆ ಸೈಕಲ್ ಓಡಿದಾಗಲೆಲ್ಲ ಬಂದು ಕೈ ಚಾಚ್ತೀನಾ?"

"ನಿನ್ನ ತೇಪೆನ ಯಾರೋ ನಕಲು ಮಾಡಿ ಊರಿನ ಸೈಕಲ್ಲಿಗೆಲ್ಲ ಪುಕ್ಕಟೆ ಹಚ್ಚಿದ್ರೆ ಆಗ ನೋಡ್ಬೇಕಿತ್ತು ನಿನ್ನ ಮುಖ," ಎಂದಳು ಆಕೆ, ಹೆಣಿಗೆ ನಿಲ್ಲಿಸದೆ.

ಇಲ್ಲಿಗೆ ನಾನು ಬಾಯಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ. "ಪಂಕ್ಚರ್ ಹಾಕೋದು ಕಷ್ಟದ ಕೆಲಸ. ಹಾಡು ಕಟ್ಟೋದು ಏನು ಮಹಾ? ಕಾಫಿ ಕುಡಿಯೋ ಹತ್ತು ನಿಮಿಷದಲ್ಲಿ ಯಾರು ಬೇಕಾದ್ರೂ ಕಟ್ತಾರೆ."

ಫೆನ್ನಾ ಹೆಣಿಗೆಯನ್ನು ಕೆಳಗಿಟ್ಟಳು. ಆಕೆ ಹೆಣಿಗೆ ಕೆಳಗಿಟ್ಟಳೆಂದರೆ ನನ್ನ ಗ್ರಹಚಾರ ನೆಟ್ಟಗಿಲ್ಲವೆಂದೇ ಅರ್ಥ.

"ಮೂವತ್ತೊಂದು ವರ್ಷದಿಂದ ಸಿಂತರ್‌ಕ್ಲಾಸ್ ಪದ್ಯ ಯಾರು ಬರೀತಿದಾರೆ ವುಬ್ಬೆ?"

ಇದು ಸೊಂಟದ ಕೆಳಗಿನ ಏಟು. ಉಡುಗೊರೆಯ ಜೊತೆಗೆ, ಪಡೆಯುವವರ ಕಾಲೆಳೆಯುವ ಪ್ರಾಸಬದ್ಧ ಪದ್ಯವೊಂದು ಇರಲೇಬೇಕು. ಪಡೆದವರೇ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಕೆಳಗೆ ಸಂತರ ಸಹಿ ಇರುವುದರಿಂದ ಬರೆದವರು ಯಾರೆಂದು ಕೇಳುವುದು ಮರ್ಯಾದೆಯಲ್ಲ. ಈ ಮರ್ಯಾದೆಯ ಮರೆಯಲ್ಲಿ ನನ್ನ ಉಡುಗೊರೆಗಳ ಪದ್ಯವನ್ನೆಲ್ಲ ಫೆನ್ನಾಳೇ ಬರೆಯುತ್ತ ಬಂದಿದ್ದಳು. ಜನ ಮೆಚ್ಚಿ ನನ್ನತ್ತ ನೋಡಿದಾಗ ನಾನು ವಿನಯದಿಂದ ಕೆಮ್ಮುತ್ತಿದ್ದೆ.

"ಈ ಸಲ ನೀನೇ ಬರಿ," ಎಂದಳು. "ಹತ್ತು ನಿಮಿಷ ಬೇಡ, ಹತ್ತು ದಿನ ತಗೋ. ಬರೆದ್ರೆ ಸುಂಕದ ವಿಷಯದಲ್ಲಿ ನೀನು ಹೇಳಿದ್ದೇ ಸರಿ, ನಿನ್ನ ಕುರ್ಚಿಯ ತಂಟೆಗೂ ಬರಲ್ಲ. ಇಲ್ದಿದ್ರೆ ಆ ಕುರ್ಚಿ ಹೊರಗೆ."

ಕುರ್ಚಿ ಎಂದರೆ ನನ್ನ ಅಪ್ಪನಿಂದ ಬಂದ ಕಂದು ಚರ್ಮದ ಒರಗು ಕುರ್ಚಿ. ಸ್ಪ್ರಿಂಗ್ ಒಂದು ಕಡೆ ಚುಚ್ಚುತ್ತದೆ, ಚೈನಿನ ಎಣ್ಣೆಯ ವಾಸನೆ ಬರುತ್ತದೆ. ಆರು ವರ್ಷದಿಂದ ಫೆನ್ನಾ ಅದರ ಮೇಲೆ ಕಣ್ಣಿಟ್ಟಿದ್ದಳು. ಆದರೆ ಇಡೀ ಮನೆಯಲ್ಲಿ ನಾನು ಯಜಮಾನನೆಂದು ನನಗೆ ಅನಿಸುವ ಜಾಗ ಅದೊಂದೇ. ಆದರೂ ಒಪ್ಪಿದೆ, ಗಂಡಸು ನೋಡಿ.

ಉಡುಗೊರೆಯನ್ನು ತಮಾಷೆಯ ಗೊಂಬೆಯೊಳಗೆ ಅಡಗಿಸಿ ಕೊಡುವುದೂ ಹಬ್ಬದ ಪದ್ಧತಿ, ಆ ಗೊಂಬೆ ಮಾಡುವುದರಲ್ಲಿ ನಾನು ನಿಸ್ಸೀಮ. ಹಳೆಯ ಪತ್ರಿಕೆ, ಅಂಟು, ಸೈಕಲ್ ಕಡ್ಡಿಗಳಿಂದ ಬಟ್ಟೆಬುಟ್ಟಿಯಷ್ಟು ದೊಡ್ಡ ಕಿವಿಯೊಂದನ್ನು ಮಾಡಿ, ಗುಲಾಬಿ ಬಣ್ಣ ಬಳಿದೆ. ಅತ್ತೆ ಆ ಕಿವಿಗೆ ಕೈ ಹಾಕಿ ಯಂತ್ರವನ್ನು ಈಚೆ ತೆಗೆಯಬೇಕು. ಒಳಗೆ ಗುಗ್ಗೆಯ ಬದಲು ಕಂದು ಹತ್ತಿ ತುರುಕಿದೆ. ಆನಂತರ ಪದ್ಯಕ್ಕೆ ಕೂತೆ.

ಮೊದಲ ಸಾಲು ಸಲೀಸಾಗಿ ಬಂತು: 'ಗೇಸ್ಕೆ ಅತ್ತೆ, ಗೇಸ್ಕೆ ಅತ್ತೆ'. ಎರಡನೆಯದಕ್ಕೆ ಪ್ರಾಸವಾಗಿ ತಾವಾಗಿಯೇ ಓಡಿ ಬಂದ ಪದಗಳು ಎರಡು, 'ಕತ್ತೆ' ಮತ್ತು 'ಸತ್ತೆ'. ಎರಡನ್ನೂ ಅತ್ತೆಯ ಬಾಯಿಂದ ಓದಿಸುವ ಧೈರ್ಯ ನನಗಿಲ್ಲ. ಎಂಟು ದಿನ ಕಳೆಯಿತು. ಅಷ್ಟರಲ್ಲಿ ನಾನು ಕುಡಿದ ಕಾಫಿಗೆ ನಿಮಿಷಕ್ಕೊಂದು ಮಹಾಕಾವ್ಯ ಹುಟ್ಟಬೇಕಿತ್ತು, ಹುಟ್ಟಿದ್ದು ಎದೆಯುರಿ ಮಾತ್ರ.

ಒಂಬತ್ತನೆಯ ದಿನ ಮಧ್ಯಾಹ್ನ ಫೆನ್ನಾ ಮನೆಯಲ್ಲಿರಲಿಲ್ಲ. ಕಪಾಟಿನ ಮೂಲೆಯಲ್ಲಿ ಅವಳು ಹಳೆಯ ಪದ್ಯಗಳನ್ನೆಲ್ಲ ಕೂಡಿಟ್ಟ ತಗಡಿನ ಡಬ್ಬಿ ಕಂಡಿತು. ತಳದಲ್ಲಿ ಫೆನ್ನಾಳ ಹಾರ್ಮ್ ಚಿಕ್ಕಪ್ಪನಿಗಾಗಿ ಇಪ್ಪತ್ತು ವರ್ಷದ ಹಿಂದೆ ಬರೆದ ಪದ್ಯ. ಚಿಕ್ಕಪ್ಪ ತೀರಿಕೊಂಡೇ ಹನ್ನೆರಡು ವರ್ಷ. ಅವರು ಬಂದು ಆಕ್ಷೇಪ ಎತ್ತುವ ಸಂಭವ ಕಡಿಮೆ. 'ಹಾರ್ಮಣ್ಣ' ಎಂದಿದ್ದಲ್ಲಿ 'ಗೇಸ್ಕೆಯಮ್ಮ' ಎಂದು ಬದಲಿಸಿ, ಉಳಿದದ್ದನ್ನು ಇದ್ದಂತೆಯೇ ಇಳಿಸಿದೆ. ಪಕ್ಕದಲ್ಲಿ, ಎರವಲು ತಂದ ಪ್ಲೇಯರಿನ ಮೇಲೆ ಅತ್ತೆಯ ರೆಕಾರ್ಡು ತಿರುಗುತ್ತ ಯಂತ್ರಕ್ಕೆ ಇಳಿಯುತ್ತಿತ್ತು. ಕೈ ಬರೆಯುತ್ತಿತ್ತು, ಕಿವಿ ಅಕಾರ್ಡಿಯನ್ ಕೇಳುತ್ತಿತ್ತು, ತಲೆ ಆಗಲೇ ಕುರ್ಚಿಯಲ್ಲಿ ಕಾಲು ಚಾಚಿತ್ತು. ಬರೆದದ್ದನ್ನು ಇನ್ನೊಮ್ಮೆ ಓದಿ ನೋಡುವ ವ್ಯವಧಾನ ಯಾರಿಗಿತ್ತು?

ಐದನೇ ತಾರೀಖು ಸಂಜೆ ಬಟಾಣಿ ಸೂಪು ಮುಗಿಸಿ ಎಲ್ಲರೂ ಸುತ್ತ ಕೂತೆವು. ಫೆನ್ನಾಳ ತಮ್ಮ ರೂಲ್ಫನೂ ಬಂದಿದ್ದ. ನಾನು ನನ್ನ ಕುರ್ಚಿಯಲ್ಲಿದ್ದೆ. ಅತ್ತೆ ಕನ್ನಡಕ ಏರಿಸಿ, ಕಾಗದದ ಕಿವಿಗೆ ಅಂಟಿಸಿದ್ದ ಪದ್ಯವನ್ನು ಕಿತ್ತು ಓದತೊಡಗಿದರು.

"ಗೇಸ್ಕೆಯಮ್ಮ ಬಂದರು ನೋಡಿ ಸೂಪಿನ ಪರಿಮಳ ಮೂಸುತ್ತ,
ಮೂರನೆ ಬಟ್ಟಲು ಮುಗಿದರು ಕೂಡ ಚಮಚೆಯ ಅಂಚನು ನೆಕ್ಕುತ್ತ..."

ಎಲ್ಲರೂ ನಕ್ಕರು. ನಾನು ವಿನಯದಿಂದ ಕೆಮ್ಮಿದೆ. ಅತ್ತೆ ಹಾಳೆ ತಿರುವಿದರು.

"ಮೀಸೆಗೆ ಹತ್ತಿದ ಬಟಾಣಿ ಇರಲಿ, ನಾಳೆಗೆ ಆಯಿತು ತಿಂಡಿಗೆ,
ಚುಂಗಾಣಿ ಕಚ್ಚಿ ಗೊರಕೆ ಹೊಡೆದರೆ ಓಡಿತು ಬೆಕ್ಕು ಸಂದಿಗೆ."

ರೂಲ್ಫ್ ಬಾಯಲ್ಲಿದ್ದ ಬಿಸ್ಕತ್ತು ಗಂಟಲಿಗೆ ಸಿಕ್ಕಿ ಕೆಮ್ಮಿದ. ಅತ್ತೆ ತಮ್ಮ ಮೇಲ್ತುಟಿಯನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡರು.

"ಮೀಸೆ," ಎಂದರು.

"ಸಂತರಿಗೂ ವಯಸ್ಸಾಯ್ತು ಅಮ್ಮ, ಕಣ್ಣು ಮಂಜು," ಎಂದೆ.

"ವುಬ್ಬೆ," ಎಂದಳು ಫೆನ್ನಾ, "ಇದು ಹಾರ್ಮ್ ಚಿಕ್ಕಪ್ಪನಿಗೆ ನಾನು ಕೊಟ್ಟ ಪದ್ಯ. ಏಳು ಕುರ್ಚಿಯಿಂದ."

"ಕೂತ್ಕೋ ಅಳಿಯ," ಎಂದ ಅತ್ತೆ ಮಗಳತ್ತ ತಿರುಗಿದರು. "ಇದು ಹಾರ್ಮ್‌ನದೂ ಅಲ್ಲ. ಮದುವೆಯಾದ ಮೊದಲ ವರ್ಷ ನಿಮ್ಮಪ್ಪನಿಗೆ ಅಂತ ನಾನು ಬರೆದದ್ದು. ಆ ಮೀಸೆ ಅವರದ್ದು, ಬೆಕ್ಕು ನನ್ನದು."

ಫೆನ್ನಾಳ ಕಿವಿ ನಾನು ಮಾಡಿದ ಕಿವಿಗಿಂತ ಕೆಂಪಾಯಿತು. ನನಗೋ ಹೋದ ಜೀವ ಬಂದಂತಾಯಿತು.

"ಹಾಗಾದ್ರೆ ಮೂವತ್ತೊಂದು ವರ್ಷ ನೀನೂ ನಕಲೇ ಹೊಡೆದದ್ದು!"

"ಎಲ್ಲಾ ಅಲ್ಲ. ಏನೂ ಹೊಳೆಯದಿದ್ದಾಗ ಕೆಲವು. ಅಮ್ಮನಿಗೆ ಗೊತ್ತು."

"ಗೊತ್ತಿಲ್ದೆ ಏನು," ಎಂದರು ಅತ್ತೆ. "ಅದಕ್ಕೆ ಬದಲಾಗಿ ಪ್ರತಿ ತಿಂಗಳು ಮೊದಲ ಶನಿವಾರ ಬಂದು ನನ್ನ ಮನೆಯ ಹದಿನಾಲ್ಕು ಕಿಟಕಿ ತೊಳೀತಾಳೆ. ಯಾವ ಪದ್ಯ ತಗೊಂಡಳು, ಎಷ್ಟು ಸಾಲು ತಗೊಂಡಳು ಅಂತ ನಾನು ಕೇಳಲ್ಲ. ತಗೊಂಡ್ರೂ ತೊಳೀತಾಳೆ, ತಗೊಳ್ಳದಿದ್ರೂ ತೊಳೀತಾಳೆ. ನೀನೇನು ಕೊಟ್ಟೆ ಅಳಿಯ?"

ಇಷ್ಟು ವರ್ಷ ಅದನ್ನು ಮಾತೃಪ್ರೇಮವೆಂದೇ ತಿಳಿದಿದ್ದ ನಾನು ಬೆಪ್ಪಾಗಿ ಕಾಗದದ ಕಿವಿಯನ್ನು ತೋರಿಸಿದೆ. ಅತ್ತೆ ಒಳಗೆ ಕೈ ಹಾಕಿ, ಹತ್ತಿಯನ್ನೆಲ್ಲ ಕಿತ್ತು ಹಾಕಿ, ಯಂತ್ರ ತೆಗೆದು ಅದರ ಇಯರ್‌ಫೋನಿನ ಬಿರಡೆಗಳನ್ನು ಕಿವಿಗಿಟ್ಟುಕೊಂಡರು. ನಾನು ಗುಂಡಿ ಒತ್ತಿದೆ. ಅವರ ಕಾಲು ತಾಳ ಹಾಕತೊಡಗಿತು, ಕಣ್ಣು ಒದ್ದೆಯಾಗಿತ್ತು.

"ಇವಳಪ್ಪ ನಮ್ಮ ಮದುವೇಲಿ ಕುಣಿದದ್ದು ಇದಕ್ಕೇ," ಎಂದು ಅತ್ತೆ ಜೋರಾಗಿ ಹೇಳಿದರು, ಕಿವಿಗೆ ಬಿರಡೆ ಇದೆಯಲ್ಲ. "ಇದನ್ನ ನುಡಿಸಿದವರಿಗೆ ಇದರಿಂದ ಏನಾದ್ರೂ ಸಿಗುತ್ತಾ?"

"ಸಿಗದೆ ಏನಮ್ಮ," ಎಂದೆ ಎದೆಯುಬ್ಬಿಸಿ. "ಐದು ಯೂರೋ ಸುಂಕ ಕೊಟ್ಟೇ ತಂದಿದೀನಿ. ನ್ಯಾಯ ಅಂದ್ರೆ ನ್ಯಾಯ."

ಮಾತು ಬಾಯಿಂದ ಜಾರಿದ ಮೇಲೆ ನಾನು ಫೆನ್ನಾಳ ಕಡೆ ನೋಡಿದೆ. ನೋಡಬಾರದಿತ್ತು. ಆಕೆ ವಿನಯದಿಂದ ಕೆಮ್ಮಿದಳು.

ತೀರ್ಪು ಸೂಪಿನ ಪಾತ್ರೆ ತೊಳೆಯುವುದರೊಳಗೆ ಹೊರಬಿತ್ತು. ಕುರ್ಚಿ ಎಸೆಯುವುದು ಬೇಡ, ತಮ್ಮ ಮನೆಗಿರಲಿ ಎಂದರು ಅತ್ತೆ. ಸ್ಪ್ರಿಂಗ್ ಅವರಿಗೆ ಚುಚ್ಚುವುದಿಲ್ಲವಂತೆ, ಅವರು ಚಿಕ್ಕ ದೇಹದವರು. ಫೆನ್ನಾ ಕಿಟಕಿಯ ಕೆಲಸದಿಂದ ಗೌರವಪೂರ್ವಕವಾಗಿ ನಿವೃತ್ತಳಾದಳು.

ಈಗ ಪ್ರತಿ ತಿಂಗಳ ಮೊದಲ ಶನಿವಾರ ನಾನು ಏಣಿ ಹೊತ್ತು ಅತ್ತೆಯ ಮನೆಗೆ ಹೋಗುತ್ತೇನೆ. ಚಳಿಗೆ ಬೆರಳು ಮರಗಟ್ಟುತ್ತದೆ. ಗಾಜಿನ ಆಚೆ ಅತ್ತೆ ನನ್ನ ಕುರ್ಚಿಯಲ್ಲಿ ಒರಗಿ, ಕಣ್ಣು ಮುಚ್ಚಿ, ಕಾಲು ಕುಣಿಸುತ್ತ ಅಕಾರ್ಡಿಯನ್ ಕೇಳುತ್ತಿರುತ್ತಾರೆ. ಒಳಗೆ ಬಿಡಿ ಎಂದು ಗಾಜು ಬಡಿದರೆ ಕೇಳಿಸುವುದಿಲ್ಲ. ಹದಿನಾಲ್ಕನೆಯ ಕಿಟಕಿ ಮುಗಿದ ಮೇಲೆ ಅಡುಗೆಮನೆಯ ಮರದ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ ಕಾಫಿ ಕೊಡುತ್ತಾರೆ. ಜೊತೆಗೆ ಒಂದು ಬಿಸ್ಕತ್ತು. ಕೊಟ್ಟ ಕೂಡಲೇ ಡಬ್ಬಿಯ ಮುಚ್ಚಳ ಹಾಕುತ್ತಾರೆ.