ನಾಲ್ಕನೇ ನಂಬರಿನ ಹಸು

"ಆರೇ ತಿಂಗಳು! ಅಷ್ಟರಲ್ಲಿ ನಮ್ಮ ಕೊಟ್ಟಿಗೆಯಲ್ಲಿ ಹಾಲಿನ ಹೊಳೆ ಹರಿಯದಿದ್ದರೆ ನನ್ನ ಹೆಸರು ಬದಲಾಯಿಸು!"

ಹೈನುಗಾರಿಕೆಯ ಮೂರು ದಿನದ ತರಬೇತಿ ಮುಗಿಸಿ ಬಂದವನೇ ಹೆಂಡತಿಗೆ ಹೀಗೆ ಘೋಷಿಸಿದೆ. ತಳಿ ಸುಧಾರಣೆ, ಹಿಂಡಿನ ನಿರ್ವಹಣೆ, ದಾಖಲೆ ಪುಸ್ತಕ ಎಂದು ತಲೆ ತುಂಬಾ ವಿಜ್ಞಾನ ತುಂಬಿಕೊಂಡು ಬಂದಿದ್ದೆ. ಹದಿನೈದು ವರ್ಷದಿಂದ ಎಂಟು ಹಸು ಸಾಕುತ್ತಿರುವ ಅವಳು ಸಗಣಿ ಬಾಚುತ್ತಲೇ, "ಹರೀಲಿ ಬಿಡಿ. ಸದ್ಯಕ್ಕೆ ಆ ತೊಟ್ಟಿಗೆ ಎರಡು ಕೊಡ ನೀರು ಹಾಕಿ" ಎಂದಳು.

ನೀರು ಹಾಕುವುದಕ್ಕೆ ತರಬೇತಿ ಬೇಕೇ? ನಾನು ನೇರ ಸುಧಾರಣೆಗೇ ಕೈಹಾಕಿದೆ. ಅವಳು ಹಸುಗಳ ಕೊರಳಿಗೆ ಕೆಂಪು, ಹಸಿರು, ನೀಲಿ ಹಗ್ಗ ಕಟ್ಟಿ ಗುರುತಿಟ್ಟುಕೊಂಡಿದ್ದಳು. ಛೆ, ಇದೇನು ಪದ್ಧತಿ! ಅವಳು ಪೇಟೆಗೆ ಹೋಗಿದ್ದಾಗ ಎಲ್ಲ ಹಗ್ಗ ಬಿಚ್ಚಿ ಬಿಸಾಡಿ, ನಂಬರಿನ ಬಿಲ್ಲೆ ತಂದೆ. ಆಗಲೇ ಗೊತ್ತಾಗಿದ್ದು, ಅವಳು ಅಕ್ಕ, ತಂಗಿ ಎಂದು ಕರೆಯುವ ಎರಡು ಹಸುಗಳಲ್ಲಿ ಹಗ್ಗವಿಲ್ಲದೆ ಯಾರು ಯಾರೆಂದು ನನಗೆ ತಿಳಿಯುವುದಿಲ್ಲವೆಂದು! ಇಬ್ಬರೂ ಒಂದೇ ತಾಯಿಯ ಕರುಗಳು, ಇಬ್ಬರೂ ಕಪ್ಪು, ಇಬ್ಬರ ಹಣೆಯ ಮೇಲೂ ಬಿಳಿ ಮಚ್ಚೆ. ಕಣ್ಣಳತೆಯಲ್ಲಿ ಒಬ್ಬಳಿಗೆ ಮೂರು, ಇನ್ನೊಬ್ಬಳಿಗೆ ನಾಲ್ಕು ಕಟ್ಟಿ, 'ಮೂರು ಅಕ್ಕ, ನಾಲ್ಕು ತಂಗಿ' ಎಂದು ದುಂಡಗೆ ಬರೆದುಕೊಂಡೆ.

ಅಕ್ಕ ಎಂದರೆ ಹೆಂಡತಿಗೆ ಪ್ರಾಣ. ಮನೆಗೆಲ್ಲ ಹೆಚ್ಚು ಹಾಲು ಕೊಡುವವಳು ಅವಳೇ. ಮೂರು ಸಲ ನಿಲ್ಲದ ಗಬ್ಬ ನಾಲ್ಕನೇ ಸಲ ನಿಂತು ಮೂರು ತಿಂಗಳಾಗಿತ್ತು. ಅವಳ ಹೊಟ್ಟೆಯಲ್ಲಿ ಒಂದು ಹೆಣ್ಣು ಕರು ಹುಟ್ಟಿದರೆ ಸಾಕೆಂದು ಹೆಂಡತಿ ಎರಡು ವರ್ಷದಿಂದ ಕಾಯುತ್ತಿದ್ದಳು.

ಒಂದು ಬೆಳಿಗ್ಗೆ ಅವಳು, "ರೀ, ತಂಗಿ ಬೆದೆಗೆ ಬಂದಿದ್ದಾಳೆ. ಗಬ್ಬ ಕಟ್ಟಿಸೋ ಇಂಜೆಕ್ಷನ್ನಿನವರನ್ನ ಕರೆಸಿ" ಎಂದು ಹೇಳಿ ಕ್ಯಾನು ತೊಳೆಯಲು ಹೋದಳು. ಕೂಗುತ್ತಿರುವ ಹಸು ಯಾವುದೆಂದು ಕಿವಿಗೊಟ್ಟು ಕೇಳಿದ್ದರೆ ಸಾಕಿತ್ತು. ನಾನು ಪುಸ್ತಕ ತೆರೆದೆ.

ಇಂಜೆಕ್ಷನ್ನಿನವರು ಬಂದು, "ಯಾವುದು ಸ್ವಾಮಿ?" ಎಂದರು.

"ನಾಲ್ಕು!" ಎಂದು ಗತ್ತಿನಿಂದ ತೋರಿಸಿ, ಹೋರಿಯ ವಂಶಾವಳಿಯ ಚೀಟಿ ಇಸಿದುಕೊಂಡು, ಬರೆಯಲು ಒಳಗೆ ಹೋದೆ. ಹೋರಿಯ ತಾಯಿ, ಅಜ್ಜಿ, ಮುತ್ತಜ್ಜಿ ಎಷ್ಟು ಲೀಟರು ಕೊಡುತ್ತಿದ್ದರೆಂದು ಬರೆದು ಮುಗಿಸುವಷ್ಟರಲ್ಲಿ ಅವರು ಹೊರಟುಹೋಗಿದ್ದರು. "ಕೆಲ್ಸ ಆಯ್ತು" ಎಂದಳು ಹೆಂಡತಿ.

ಸಂಜೆ ಹಾಲು ಕರೆಯುವಾಗ ಅವಳು ನಾಲ್ಕನೇ ನಂಬರಿನ ಬೆನ್ನು ತಟ್ಟಿ, "ಅಕ್ಕಾ, ಸ್ವಲ್ಪ ಸರಿಯಮ್ಮ" ಎಂದಳು.

ಬಿಲ್ಲೆ ತಿರುಗಿಸಿ ನೋಡಿದೆ, ನಾಲ್ಕೇ! "ಇದು... ಅಕ್ಕನಾ?"

"ಮತ್ಯಾರು? ಯಾಕೆ?"

"ಏನಿಲ್ಲ, ಸುಮ್ನೆ."

ಹಿತ್ತಲಿಗೆ ಓಡಿ ಡಾಕ್ಟರಿಗೆ ಫೋನು ಮಾಡಿದೆ. "ಡಾಕ್ಟ್ರೇ, ಗಬ್ಬದ ಹಸುವಿಗೆ ತಪ್ಪಿ ಇಂಜೆಕ್ಷನ್ ಮಾಡಿಸಿಬಿಟ್ರೆ?"

"ಗಬ್ಬ ಹೋಗಬಹುದು. ಯಾರ ಹಸು?"

"ಪಕ್ಕದ ಮನೆಯವರದು!"

"ಆ ಪುಣ್ಯಾತ್ಮನಿಗೆ ನನ್ನ ಪರವಾಗಿ ಎರಡು ಬಾರಿಸಿ. ಹಸುವನ್ನ ಹತ್ತು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ಳೋಕೆ ಹೇಳಿ."

ಅಂದಿನಿಂದ ಶುರುವಾಯಿತು ನನ್ನ ವನವಾಸ. ಬೆಳಗಾಗುವ ಮೊದಲೇ ಕೊಟ್ಟಿಗೆಗೆ ಹೋಗಿ ಅಕ್ಕನ ಬಾಲದ ಕೆಳಗೆ ನೋಡುವುದು. ಅವಳು ನಿಟ್ಟುಸಿರಿಟ್ಟರೆ ನನ್ನ ಉಸಿರು ನಿಲ್ಲುವುದು. ಜಾರಿ ಬಿದ್ದಾಳೆಂಬ ಭಯಕ್ಕೆ ನೆಲ ತೊಳೆದು ಒರೆಸಿದೆ. ಹಸಿದರೆ, ಬಾಯಾರಿದರೆ ಏನು ಗತಿಯೆಂದು ಹೊತ್ತುಹೊತ್ತಿಗೆ ಮೇವು ಹಾಕಿ, ಗಂಟೆಗೊಮ್ಮೆ ನೀರು ತುಂಬಿಸಿದೆ. ಅಕ್ಕನೊಬ್ಬಳಿಗೇ ಉಪಚಾರ ಮಾಡಿದರೆ ಹೆಂಡತಿಗೆ ಅನುಮಾನ ಬರುತ್ತದಲ್ಲ? ಎಂಟಕ್ಕೂ ಮಾಡಿದೆ! ಅರ್ಧ ಊಟಕ್ಕೇ ಎದ್ದು ಕೊಟ್ಟಿಗೆಗೆ ಓಡುತ್ತಿದ್ದೆ. "ಏನ್ರೀ, ಇಳಿದುಹೋಗಿದ್ದೀರಲ್ಲ?" ಎಂದು ಅವಳು ಕೇಳಿದಾಗಲೆಲ್ಲ ಕೈಯಲ್ಲಿದ್ದುದು ಕೆಳಗೆ ಬೀಳುತ್ತಿತ್ತು.

ಎಂಟನೇ ದಿನ ಅಕ್ಕ ಮಲಗಿದವಳು ಎಷ್ಟು ಎಬ್ಬಿಸಿದರೂ ಏಳಲಿಲ್ಲ. ಮುಗಿಯಿತು ಕಥೆ! ಸಗಣಿಯ ಮೇಲೇ ಕೂತು, ಕ್ಯಾನು ಎತ್ತಿಡುತ್ತಿದ್ದ ಹೆಂಡತಿಯನ್ನು ಕೂಗಿದೆ.

"ನಾನು ಪಾಪಿ ಕಣೇ! ನಿನ್ನ ಕರುವನ್ನ ನಾನೇ ಕೊಂದೆ!" ಎಂದು ಬಿಲ್ಲೆ, ಪುಸ್ತಕ, ಪಕ್ಕದ ಮನೆ ಎಲ್ಲವನ್ನೂ ಒಪ್ಪಿಸಿಬಿಟ್ಟೆ.

ಅವಳು ಅಕ್ಕನ ಬೆನ್ನಿಗೆ ಒಂದು ಏಟು ಕೊಟ್ಟಳು. ಅಕ್ಕ ಠೀವಿಯಿಂದ ಎದ್ದು ನಿಂತಳು.

"ಹೊಟ್ಟೆ ತುಂಬಿ ಮಲಗಿದ್ಲು ಅಷ್ಟೆ. ಆವತ್ತು ಅವರು ಕೈ ಹಾಕಿ ನೋಡಿದ ಕೂಡ್ಲೇ 'ಅಮ್ಮಾ, ಇದು ಗಬ್ಬದ ಹಸು' ಅಂತ ನನ್ನನ್ನ ಕರೆದ್ರು. ತಂಗಿಗೇ ಮಾಡಿಸಿ ಕಳಿಸ್ದೆ. ನೀವು ಒಳಗೆ ಹೋರಿಯ ಮುತ್ತಜ್ಜಿಯ ಹತ್ರ ಇದ್ರಿ."

"ಹಾಗಾದ್ರೆ ಎಂಟು ದಿನದಿಂದ ನಿನಗೆ ಗೊತ್ತಿತ್ತಾ? ನಾನು ಜೀವ ಕೈಯಲ್ಲಿ ಹಿಡ್ಕೊಂಡು ಸಾಯ್ತಾ ಇದ್ನಲ್ಲೇ! ಯಾಕೆ ಹೇಳ್ಲಿಲ್ಲ?"

ಅವಳು ತುಂಬಿದ ಕ್ಯಾನುಗಳ ಕಡೆ ಕೈ ತೋರಿಸಿದಳು. "ಹೊತ್ತಿಗೆ ಸರಿಯಾಗಿ ಮೇವು, ನೀರು, ಒಣಗಿದ ನೆಲ. ದಿನಕ್ಕೆ ಆರು ಲೀಟರ್ ಜಾಸ್ತಿ ಬರ್ತಾ ಇದೆ. ಅವಸರ ಮಾಡಿ ಒಪ್ಕೊಂಡ್ಬಿಟ್ರಲ್ಲ! ಇನ್ನೊಂದು ವಾರ ಹೆದರ್ಕೊಂಡಿದ್ದಿದ್ರೆ ಹತ್ತು ಲೀಟರ್ ಆಗ್ತಿತ್ತು!"