ಮಾವನ ಹೆಬ್ಬೆಟ್ಟು, ನನ್ನ ಬೈಕಿನ ಉಸಿರು

ನಮ್ಮ ಸೋದರಮಾವನನ್ನು ಯಾರಾದರೂ ಹೆಬ್ಬೆಟ್ಟು ಎಂದು ಆಡಿಕೊಂಡರೆ ಅವನಿಗೆ ಸಿಟ್ಟು ಬರುವುದಿಲ್ಲ, ಹೆಮ್ಮೆಯಾಗುತ್ತದೆ! ಹಾಗಂತ ಓದು ಬರಹ ಬಾರದವನೇನಲ್ಲ. ಬೆಳಗಿನ ಪೇಪರನ್ನು ಶ್ರದ್ಧಾಂಜಲಿ ಸಮೇತ ಓದಿ ಮುಗಿಸುತ್ತಾನೆ. ಆದರೆ ಮಳವಳ್ಳಿಯ ರಸ್ತೆಬದಿಯಲ್ಲಿರುವ ಅವನ ಮೆಕ್ಯಾನಿಕ್ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಕೊನೆಯ ತೀರ್ಪು ಕೊಡುತ್ತಿರುವುದು ಅವನ ಬಲಗೈ ಹೆಬ್ಬೆಟ್ಟೇ.

ತೀರ್ಪು ಅಂದರೆ ಹೀಗೆ. ಬೈಕಿನ ಇಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ಡು ಇಳಿಸಿ, ವಾಲ್ವು ಉಜ್ಜಿ, ಹೊಸ ಗ್ಯಾಸ್ಕೆಟ್ ಕೂರಿಸಿ, ಬೋಲ್ಟು ಬಿಗಿದ ಮೇಲೆ ಒಳಗೆ ಗಾಳಿ ಸರಿಯಾಗಿ ಒತ್ತುತ್ತಿದೆಯೋ, ಎಲ್ಲಾದರೂ ಸೋರುತ್ತಿದೆಯೋ ನೋಡಬೇಕಲ್ಲ? ಅದನ್ನೇ ಕಂಪ್ರೆಷನ್ ನೋಡುವುದು ಅನ್ನುತ್ತಾರೆ. ಅದಕ್ಕೆಂದೇ ಒಂದು ಮೀಟರ್ ಬರುತ್ತದೆ. ಮಾವ ಅದನ್ನು ಮುಟ್ಟುವುದಿಲ್ಲ. ಸ್ಪಾರ್ಕ್ ಪ್ಲಗ್ಗು ಬಿಚ್ಚಿ, ಆ ತೂತಿಗೆ ಹೆಬ್ಬೆಟ್ಟು ಒತ್ತಿ, ಗಾಡಿಯವನ ಕೈಲೇ ಕಿಕ್ಕರ್ ತುಳಿಸಿ, ದೇವರ ಮುಂದೆ ನಿಂತವನಂತೆ ಕಣ್ಣು ಮುಚ್ಚುತ್ತಾನೆ. ಒಳಗಿನ ಗಾಳಿ ಕರು ಕೆಚ್ಚಲು ಗುದ್ದಿದ ಹಾಗೆ ಹೆಬ್ಬೆಟ್ಟನ್ನು ಗುದ್ದಿದರೆ ಪಾಸು. ಇಲ್ಲದಿದ್ದರೆ ಹೆಡ್ಡು ಮತ್ತೆ ಕೆಳಗೆ!

ನಾನೇ ಒಮ್ಮೆ ಮೀಟರ್ ತಂದುಕೊಟ್ಟೆ. ಮಾರನೆಯ ದಿನ ನೋಡಿದರೆ ಅದು ಅಂಗಡಿಯ ಬಾಗಿಲು ಗಾಳಿಗೆ ಹೊಡೆದುಕೊಳ್ಳದಂತೆ ಸಂದಿಯಲ್ಲಿ ಕೂತಿತ್ತು.

“ಯಾಕ್ ಮಾವ ಹಿಂಗ್ ಮಾಡಿದೆ?”

“ಅದ್ಕೇನ್ಲಾ ಗೊತ್ತು? ಅದು ಯಾವತ್ತಾದ್ರೂವೆ ಒಂದ್ ಗಾಡಿ ಬಿಚ್ಚಿದ್ದದಾ?”

ಹೋದ ವರ್ಷ ಅತ್ತೆ ಇವನನ್ನು ಎಳೆದುಕೊಂಡು ಮಂಡ್ಯದ ಒಬ್ಬ ಡಾಕ್ಟರ ಹತ್ತಿರ ಹೋಗಿದ್ದಳು. ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಲು ರಬ್ಬರ್ ಬುರುಡೆ ಅಮುಕುತ್ತಿದ್ದಾರೆ, ಇವನು ಕಿವಿ ನಿಮಿರಿಸಿ ಕೂತಿದ್ದಾನೆ. “ಡಾಕ್ಟ್ರೇ, ನಿಮ್ದು ಎಲ್ಲೋ ಲೀಕಾಯ್ತಾ ಅದೆ” ಅಂದವನೇ ಆ ಟ್ಯೂಬು ಕಿತ್ತು, ತುದಿಗೆ ಹೆಬ್ಬೆಟ್ಟು ಒತ್ತಿ, ಸೋರುವ ಜಾಗ ತೋರಿಸಿಯೇಬಿಟ್ಟ! ಡಾಕ್ಟರು ದಂಗಾದರು. ಆ ಖುಷಿಯಲ್ಲಿ ಅವರು ಹೇಳಿದ ಮುಖ್ಯ ಮಾತು ಇವನ ಕಿವಿಗೆ ಬೀಳಲೇ ಇಲ್ಲ. ಸಕ್ಕರೆ ಏರಿದೆ, ಕೈಕಾಲು ಹುಷಾರು ಅಂದಿದ್ದರಂತೆ. “ಮಂಡ್ಯ ಸೀಮೆಯೋರ್ಗೆ ಸಕ್ರೆ ಇಲ್ದೆ ಇನ್ಯಾರ್ಗಿದ್ದದು?” ಎಂದು ನಗುತ್ತಾ ಬಸ್ಸು ಹತ್ತಿದನಂತೆ. ಅತ್ತೆ ಇವತ್ತಿಗೂ ಅದನ್ನು ಹೇಳಿ ತಲೆ ಚಚ್ಚಿಕೊಳ್ಳುತ್ತಾಳೆ.

ಈಗ ನನ್ನ ಬೈಕಿನ ಕತೆಗೆ ಬರೋಣ. ನಾನು ಮದ್ದೂರಿನಲ್ಲಿ ಮೇಷ್ಟ್ರು, ದಿನಾ ಮಳವಳ್ಳಿಯಿಂದ ಓಡಾಡುವವನು. ಗಾಡಿ ಏರು ಹತ್ತದೆ ಏದುಸಿರು ಬಿಡತೊಡಗಿದ್ದರಿಂದ ಒಂದು ಭಾನುವಾರ ಮಾವನ ಮುಂದೆ ನಿಲ್ಲಿಸಿದೆ. ಹೆಡ್ಡು ಇಳಿಯಿತು, ವಾಲ್ವು ಉಜ್ಜಿದ್ದಾಯಿತು, ಹೆಡ್ಡು ಏರಿತು. ಹೆಬ್ಬೆಟ್ಟು ಒತ್ತಿದ, ನಾನು ತುಳಿದೆ.

“ಉಸ್ರೇ ಇಲ್ಲ ಕಣ್ಲಾ.”

ಮತ್ತೆ ಬಿಚ್ಚಿದ. ಹೆಡ್ಡನ್ನು ಮಗುಚಿಟ್ಟು ಸೀಮೆಎಣ್ಣೆ ಸುರಿದು ನೋಡಿದ. ವಾಲ್ವಿನಲ್ಲಿ ಒಂದು ತೊಟ್ಟೂ ಸೋರಲಿಲ್ಲ. ಮತ್ತೆ ಕೂರಿಸಿದ, ಮತ್ತೆ ಒತ್ತಿದ, ಮತ್ತೆ ಉಸಿರಿಲ್ಲ. ಮೂರನೆಯ ಸಲ ಬಿಚ್ಚುವ ಹೊತ್ತಿಗೆ ಪಕ್ಕದ ಟೀ ಅಂಗಡಿಯವರೆಲ್ಲ ಲೋಟ ಹಿಡಿದು ಇಲ್ಲೇ ಬಂದು ನಿಂತಿದ್ದರು. ಪೂರಿಗಾಲಿಯ ಹಳೆಯ ಗಿರಾಕಿಯೊಬ್ಬ, “ಏನಣ್ಣೋ, ಕೈಗುಣ ಓಯ್ತಾ?” ಅಂದುಬಿಟ್ಟ.

ಮಾವನ ಮುಖ ಕೆಂಪಾಯಿತು. “ಈ ಸಲನೂವೆ ಗುದ್ನಿಲ್ಲ ಅಂದ್ರೆ ನಾಳಿಂದ ಅಂಗ್ಡಿ ಬಾಗ್ಲು ಆಕ್ಬುಡ್ತೀನಿ.”

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಎಂಟು ವರ್ಷದ ಹಿಂದೆ ಯಾವುದೋ ಜಗಳದಲ್ಲಿ ಟೀ ಬಿಟ್ಟೆ ಅಂದವನು ಇವತ್ತಿಗೂ ಟೀ ಮುಟ್ಟಿಲ್ಲ. ಆಡಿದ ಮೇಲೆ ಮುಗಿಯಿತು, ಅಂಥ ಜಾತಿ!

ಮೂರನೆಯ ಸಲವೂ ಅದೇ ತೀರ್ಪು. ನಾನು ತಡೆಯಲಾರದೆ ಪ್ಲಗ್ಗು ಕೂರಿಸಿ ತುಳಿದೆ. ಏನಾಶ್ಚರ್ಯ, ಒಂದೇ ತುಳಿತಕ್ಕೆ ಗಾಡಿ ಗುಡುಗಿತು! ಬಿಟ್ಟೆ ನೋಡಿ ಮದ್ದೂರಿಗೆ. ಏರೆಲ್ಲ ಟಾಪ್ ಗೇರಿನಲ್ಲೇ ಹತ್ತಿತು. ಸಾಕ್ಷಿಗೆಂದು ಮದ್ದೂರು ವಡೆ ಪೊಟ್ಟಣ ಕಟ್ಟಿಸಿಕೊಂಡು ಹಾರಿಕೊಂಡು ವಾಪಸ್ಸು ಬಂದೆ.

“ಮಾವ, ಮದ್ದೂರಿಗೆ ಹೋಗಿ ಬಂದೆ. ಗಾಡಿ ಕುದುರೆ ಥರ ಓಡ್ತದೆ.”

“ವಡೆ ಬಸ್ನಾಗೂ ಬತ್ತದೆ ಕಣ್ಲಾ” ಅಂದ. ಆ ಕಾದ ಇಂಜಿನ್ನಿನ ಪ್ಲಗ್ಗು ಬಿಚ್ಚಿ, ತೂತಿಗೆ ಹೆಬ್ಬೆಟ್ಟು ಒತ್ತಿ, “ತುಳಿ” ಅಂದ. ತುಳಿದೆ. “ಇಲ್ಲ. ಸತ್ತೋಗದೆ.”

ಮದ್ದೂರಿಗೆ ಹೋಗಿ ಬಂದ ಗಾಡಿ ಸತ್ತಿದೆಯಂತೆ! ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಊಟದ ಕ್ಯಾರಿಯರ್ ಹಿಡಿದು ಬಂದಿದ್ದ ಅತ್ತೆ ನಗಲಿಲ್ಲ. ಕ್ಯಾರಿಯರ್ ಕೆಳಗಿಟ್ಟು ಮಾವನ ಕೈ ಹಿಡಿದು ನೋಡಿದಳು. ಹೆಬ್ಬೆಟ್ಟಿನ ತುದಿಯಲ್ಲಿ ಚರ್ಮ ಸುಟ್ಟು ಬೊಬ್ಬೆ ಎದ್ದಿತ್ತು.

“ಇದ್ಯಾವಾಗ ಸುಟ್ಕಂಡ್ರಿ?”

“ಯಾವುದು?” ಅಂದ ಮಾವ. ಬೇರೆ ಯಾರದೋ ಬೆರಳು ಎಂಬಂತೆ ಅದನ್ನೇ ನೋಡಿದ.

ಅತ್ತೆ ಸೆರಗಿನ ಪಿನ್ನು ತೆಗೆದು ಬೊಬ್ಬೆಯ ಪಕ್ಕಕ್ಕೆ ಮೆಲ್ಲಗೆ ಒತ್ತಿದಳು. “ಚುರುಕ್ ಅನ್ನಲ್ವಾ?”

“ಇಲ್ಲ ಕಣೆ.”

ನಗು ನಿಂತಿತು. ಲೋಟ ಹಿಡಿದವರು ಒಬ್ಬೊಬ್ಬರಾಗಿ ಸರಿದುಹೋದರು. ಡಾಕ್ಟರು ಹೇಳಿದ ಆ ಸಕ್ಕರೆ ಬೆರಳಿನ ಸ್ಪರ್ಶವನ್ನೇ ತಿಂದುಹಾಕಿತ್ತು. ತೂತಿನ ಅಂಚು ಗೊತ್ತಾಗದೆ ಬೆರಳು ಓರೆಯಾಗಿ ಕೂರುತ್ತಿತ್ತು, ಗಾಳಿ ಪಕ್ಕದಲ್ಲಿ ಸುಯ್ಯೆಂದು ಹೋಗುತ್ತಿತ್ತು, ಗುದ್ದಿದ್ದೂ ಇವನಿಗೆ ತಿಳಿಯುತ್ತಿರಲಿಲ್ಲ. ಮಾವ ಹಳೆಯ ಟೈರಿನ ಮೇಲೆ ಕುಸಿದು ಕೂತ.

“ಗಾಡಿ ಮೊದಲ್ನೇ ಸಲ ಕೂರ್ಸ್ದಾಗ್ಲೇ ಸರ್ಯೋಗಿತ್ತು ಅಲ್ವೇನ್ಲಾ?”

“ಹೂಂ ಮಾವ” ಅಂದೆ. ಅಷ್ಟು ಜೋರಾಗಿ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಅತ್ತೆ ಬೆರಳು ತೊಳೆದು ಶುಭ್ರವಾದ ಬಟ್ಟೆ ಕಟ್ಟಿದಳು. ಅವನಿಗೆ ತಾನೇ ಕಲಸಿ ಊಟ ಮಾಡಿಸಿದಳು. ಇಂಜಿನ್ ತಣ್ಣಗಾದ ಮೇಲೆ ಸೆರಗು ಸಿಕ್ಕಿಸಿಕೊಂಡು ಬಂದು, ಪ್ಲಗ್ಗಿನ ತೂತಿಗೆ ತನ್ನ ಹೆಬ್ಬೆಟ್ಟು ಒತ್ತಿದಳು. “ತುಳಿಯಪ್ಪ” ಅಂದಳು. ತುಳಿದೆ. ಟಪ್! ಅತ್ತೆ ಕೈ ಕೊಡವಿಕೊಂಡಳು.

“ನೋವಾಯ್ತಾ?” ಅಂತ ಕೇಳಿದ ಮಾವ.

“ಊಂ, ಆಯ್ತು.”

“ಸ್ಯಾನೆ ಆಯ್ತಾ?”

“ಸ್ಯಾನೆನೇ ಆಯ್ತು ಕಣ್ರೀ.”

“ಅಂಗಾರೆ ಗಾಡಿ ಸಂದಾಗದೆ” ಅಂದು ಮಾವ ಆ ಕಡೆ ತಿರುಗಿ ಕಣ್ಣೊರೆಸಿಕೊಂಡ.

“ಬಾಗ್ಲು ಆಕೋ ಮಾತು ಬುಡಿ” ಅಂದಳು ಅತ್ತೆ. “ನಾಳೆ ಮಂಡ್ಯಕ್ಕೋಗಿ ಡಾಕ್ಟ್ರುಗೆ ತೋರಿಸ್ಕಂಡು ಬರಾವ. ನಾಡಿದ್ದಿಂದ ನಾನೂ ಅಂಗ್ಡಿಗೆ ಬತ್ತೀನಿ. ಬಿಚ್ಚೋದು ನೀವು, ಒತ್ತೋದು ನಾನು.”