ಗಣತಿಯವರ ದಾರಿ ಕಾಯುವ ಅತ್ತೆ

ಸರ್ಕಾರವನ್ನು ಮನಸಾರೆ ಪ್ರೀತಿಸುವ ಒಂದೇ ಒಂದು ಜೀವ ಈ ಭೂಮಿಯ ಮೇಲಿದ್ದರೆ ಅದು ನಮ್ಮ ಸೋದರತ್ತೆ! ನಗಬೇಡಿ. ಸರ್ಕಾರ ಏನಾದರೂ ಕೊಡುತ್ತದೆಂದು ಕೈಚಾಚಿಕೊಂಡು ಪ್ರೀತಿಸುವವರು ಬೇಕಾದಷ್ಟು ಜನ ಇದ್ದಾರೆ. ಅತ್ತೆಯದು ಆ ಜಾತಿಯ ಪ್ರೀತಿಯಲ್ಲ. ಸರ್ಕಾರ ತನ್ನ ಮನೆ ಬಾಗಿಲಿಗೆ ಬಂದು ಪ್ರಶ್ನೆ ಕೇಳಬೇಕು. ಅಷ್ಟೇ ಅವಳ ಬೇಡಿಕೆ!

ನುಗ್ಗೇಹಳ್ಳಿ ಪಕ್ಕದ ಅವಳ ಊರಿನಲ್ಲಿ ಗಣತಿಯವರು ಬಂದರೆಂದರೆ ಜನ ಬಚ್ಚಲಿಗೆ ಹೋಗುತ್ತಾರೆ, ತೋಟಕ್ಕೆ ಹೋಗುತ್ತಾರೆ, ಒಬ್ಬ ಪುಣ್ಯಾತ್ಮನಂತೂ ಹಾಡಹಗಲೇ ಮುಸುಕೆಳೆದು ಗೊರಕೆ ಹೊಡೆಯುತ್ತಾನೆ. ನಮ್ಮತ್ತೆ ಮಾತ್ರ ಬಾಗಿಲಿಗೆ ನೀರು ಹಾಕಿ, ತಲೆ ಬಾಚಿಕೊಂಡು, ಜಗಲಿಯ ಮೇಲೆ ಚಾಪೆ ಹಾಸಿ ಕೂತಿರುತ್ತಾಳೆ. ಹೆಣ್ಣು ನೋಡಲು ಬರುವವರಿಗೂ ನಮ್ಮ ಕಡೆ ಅಷ್ಟು ಮರ್ಯಾದೆ ಇಲ್ಲ!

ಒಮ್ಮೆ ಜಾನುವಾರು ಗಣತಿಗೆ ಅರಕಲಗೂಡು ಕಡೆಯ ಒಬ್ಬ ಹುಡುಗ ಬಂದಿದ್ದ. ಹಸು ಎಷ್ಟು, ಎಮ್ಮೆ ಎಷ್ಟು ಎಂದು ಕೇಳಿ, ಕೊನೆಗೆ ಕೋಳಿಗೆ ಬಂದ. ಅತ್ತೆಯ ಕೋಳಿಗಳೋ ಊರೆಲ್ಲ ಹರಡಿಕೊಂಡಿದ್ದವು.

"ಒಂದು ಅಂದಾಜಿನ ಮೇಲೆ ಹೇಳಿ ಅಜ್ಜಿ," ಅಂದ.

"ಅಂದಾಜಾ? ದೇಸದ್ ಲೆಕ್ಕ ಅಂತೀಯ, ಅಂದಾಜು ಅಂತೀಯ! ಕೂತ್ಕೊಳಪ್ಪ. ಒತ್ತು ಮುಳುಗ್ಲಿ, ಎಲ್ಲಾ ಗೂಡಿಗ್ ಬತ್ತವೆ. ಎಣ್ಸ್ಕೊಂಡೇ ಓಗು."

ಪಾಪ, ಅವನು ಕೂತ. ಕೋಳಿಗಳು ಬಂದವು, ಎಣಿಸಿದ, ಬರೆದುಕೊಂಡ. ಹಸಿದಿದ್ದಾನೆಂದು ಅತ್ತೆ ಅದರಲ್ಲೇ ಒಂದು ಹುಂಜವನ್ನು ಹಿಡಿದು ಸಾರು ಮಾಡಿ, ಮುದ್ದೆ ಇಟ್ಟು ಬಡಿಸಿದಳು! ಕೈ ತೊಳೆದ ಮೇಲೆ ಹುಡುಗನಿಗೆ ಯೋಚನೆ ಹತ್ತಿತು. "ಅಜ್ಜಿ, ಈಗ ಒಂದು ಕಮ್ಮಿ ಮಾಡ್ಬೇಕಾ?" ಅತ್ತೆ ಹೇಳಿದಳಂತೆ: "ಎಣ್ಸುವಾಗ ಇತ್ತಾ ಇಲ್ವಾ? ಇತ್ತು ತಾನೆ? ಇದ್ದುದ್ದನ್ನ ಇತ್ತು ಅಂತ್ಲೇ ಬರೀಬೇಕು ಕಣ್ಲಾ!"

ಆಮೇಲೆ ಊರಿನ ಮನೆ ಜಾಗಗಳನ್ನು ಅಳೆಯಲು ಡ್ರೋನ್ ಬಂತು. ಜಾಗದ ಸುತ್ತ ಸುಣ್ಣದ ಗೆರೆ ಎಳೆದಿರಿ, ಮೇಲಿನಿಂದ ಕಾಣಬೇಕು ಎಂದು ಮೊದಲೇ ಸಾರಿದ್ದರು. ಬೇರೆಯವರು ಹೇಗೋ ಚೆಲ್ಲಿ ಕೈ ಒರೆಸಿಕೊಂಡರೆ, ಅತ್ತೆ ನಾಲ್ಕು ಮೂಲೆಗೂ ರಂಗೋಲಿ ಬಿಟ್ಟಳು! ಬಿಟ್ಟು, ಮದುವೆಯ ರೇಷ್ಮೆ ಸೀರೆ ಉಟ್ಟುಕೊಂಡು ಅಂಗಳದ ನಡುವೆ ಆಕಾಶ ನೋಡುತ್ತಾ ನಿಂತಳು. ಡ್ರೋನ್ ಇಳಿದ ಮೇಲೆ ಅದನ್ನು ಹಾರಿಸಿದವನ ಹತ್ತಿರ ಸೀದಾ ಹೋಗಿ ಕೇಳಿದಳು.

"ನಾನ್ ಕಂಡ್ನೇನಪ್ಪ?"

"ಅಜ್ಜಿ, ಇದು ಮನೆ ಅಳೆಯೋದು. ಜನಾನಲ್ಲ."

"ಜನ್ವೇ ಇಲ್ದಿದ್ರೆ ಅದ್ಯಾತರ ಮನೆನ್ಲಾ? ಬರೀ ಗ್ವಾಡೆ!"

ನಾನು ಏಳನೇ ತರಗತಿಗೆ ಪುಸ್ತಕ ಕೆಳಗಿಟ್ಟವನು. ಚನ್ನರಾಯಪಟ್ಟಣದಲ್ಲಿ ವೆಲ್ಡಿಂಗ್ ಶಾಪ್ ಇದೆ. ನಾನು ಕೂರಿಸಿದ ಗೇಟುಗಳು ಹೊಳೆನರಸೀಪುರದವರೆಗೂ ಇವೆ, ಒಂದೂ ನೆಲಕ್ಕೆ ಉಜ್ಜುವುದಿಲ್ಲ. ನನಗೆ ಇತಿಹಾಸ ಕಲಿಸಿದವಳು ಅತ್ತೆಯೇ. ಅವಳ ಇತಿಹಾಸದಲ್ಲಿ ಯುದ್ಧವಿಲ್ಲ, ಬರೀ ಅಳತೆ! ರಾಜರ ಕಾಲದಲ್ಲಿ ಕೋಲು ಹಿಡಿದು ಗದ್ದೆ ಅಳೆದದ್ದು, ಆಮೇಲೆ ಇಂಗ್ಲಿಷಿನವರು ಕಬ್ಬಿಣದ ಸರಪಳಿ ಎಳೆದುಕೊಂಡು ಮುಳ್ಳು, ಕಲ್ಲು, ಹೊಳೆ ಒಂದನ್ನೂ ಬಿಡದೆ ದಾಟಿದ್ದು, ಬೆಟ್ಟದ ತುದಿಯಲ್ಲಿ ಗುರುತಿನ ಕಲ್ಲು ನೆಟ್ಟದ್ದು, ಮನೆಮನೆಯ ತಲೆ ಎಣಿಸಿದ್ದು. ಇದೆಲ್ಲಾ ನಿನಗೆ ಹೇಗೆ ಗೊತ್ತು ಅಂದರೆ, ನಮ್ಮ ತಾತ ಸರ್ವೆಯವರ ಜೊತೆ ಸರಪಳಿಯ ಒಂದು ತುದಿ ಹಿಡಿದಿದ್ದರಂತೆ. "ನಮ್ಮಪ್ಪ ಆ ತುದಿ ಇಡ್ಕಂಡಿಲ್ದಿದ್ರೆ ಈ ತಾಲ್ಲೂಕೇ ಇರ್ತಿರ್ಲಿಲ್ಲ ಕಣ್ಲಾ!"

ನಕ್ಕಿದ್ದೆ. ಆದರೆ ಅಂಗಡಿಯಲ್ಲಿ ಟೇಪು ಹಿಡಿದು ನಿಂತಾಗ ಆ ಸರಪಳಿ ನೆನಪಾಗುತ್ತದೆ. ಒಂದು ಗೇಟಿಗೆ ನೂಲಿನಷ್ಟು ಅಳತೆ ತಪ್ಪಿದರೆ ಚಿಲಕ ಬೀಳುವುದಿಲ್ಲ. ಇಷ್ಟು ದೊಡ್ಡ ದೇಶವನ್ನು ಯಾರ್ಯಾರೋ ಬಿಸಿಲಲ್ಲಿ ನಡೆದು ಅಳೆದರಲ್ಲ! ಅವರ ಹೆಸರು ಯಾರಿಗೆ ಗೊತ್ತು? ಅವರು ಗೆರೆ ಎಳೆದ ಕಡೆಯೇ ಇವತ್ತಿಗೂ ನಮ್ಮ ಬದು, ನಮ್ಮ ಊರು, ನಮ್ಮ ರಸ್ತೆ. ಎಣಿಸುವುದು ಯಾಕೆಂದು ಕೇಳಿದರೆ ಅತ್ತೆಯ ಉತ್ತರ ಇಷ್ಟೇ: "ಒಲೆ ಮ್ಯಾಲೆ ಎಸ್ರು ಇಡೋಕ್ ಮುಂಚೆ ಉಣ್ಣೋರ್ ಎಷ್ಟ್ ಜನ ಅಂತ ಕೇಳಕ್ಕಿಲ್ವಾ? ದೇಸಾನೂ ಅಂಗೇಯ."

ಇಂಥ ಅತ್ತೆ ವರ್ಷಗಟ್ಟಲೆ ಕಾದ ಜನಗಣತಿ ಕೊನೆಗೂ ಬಂತು. ಬಂದದ್ದು ಯಾವಾಗ? ಅವಳು ಕಣ್ಣಿನ ಪೊರೆ ತೆಗೆಸಿಕೊಂಡು ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದಾಗ! ನೋಡಿಕೊಳ್ಳಲು ಜೊತೆಗಿದ್ದವನು ನಾನು. ಬೆಳಿಗ್ಗೆ ಅವಳ ದೊಡ್ಡ ಮಗ, ನಮ್ಮ ಬಾವ, ಫೋನ್ ಮಾಡಿದ. "ಗಣತಿ ಮೇಡಂ ಇವತ್ತು ನಮ್ಮ ಬೀದಿಗೆ ಬತ್ತಾರಂತೆ. ನಿಂದೂ ನಾನೇ ಯೋಳ್ತೀನಿ ಬುಡವ್ವ, ನೀನ್ ನೆಮ್ಮದಿಯಾಗಿ ಮಲಕ್ಕೊ."

ಅತ್ತೆ ಎದ್ದು ಕೂತಳು. "ನನ್ ಇಸ್ಯ ಅವ್ನಿಗೇನ್ ಗೊತ್ತು? ನಾನೇ ಯೋಳ್ಬೇಕು. ಗಾಡಿ ತೆಗಿಲಾ!"

ಡಾಕ್ಟರು ಕಣ್ಣಿನ ಕಟ್ಟು ಬಿಚ್ಚಿ ನೋಡದೆ ಕಳಿಸುವಂತಿಲ್ಲ. ಸಾಲಿನಲ್ಲಿ ಕೂತವರನ್ನೆಲ್ಲ ದಾಟಿ ಅತ್ತೆ ಒಳಗೆ ನುಗ್ಗಿದಳು.

"ನಿಮ್ಮ ಮಗ ಹೇಳಿದ್ರೂ ನಡೆಯುತ್ತೆ ಅಜ್ಜಿ. ಏನ್ ಅಂಥ ಅವಸರ?" ಅಂದರು ಡಾಕ್ಟರು.

"ನಿಮ್ ಕಣ್ಣಾಸ್ಪತ್ರೆ ದಿನಾ ಇರ್ತದೆ ಸಾ. ಅವ್ರು ಮತ್ತೆ ಬರೋಗಂಟ ನಾನಿರ್ತೀನಾ?"

ಡಾಕ್ಟರು ಕಟ್ಟು ಬಿಚ್ಚಿ ಕಣ್ಣು ನೋಡಿ, ಕಪ್ಪು ಕನ್ನಡಕ ಹಾಕಿ ಕಳಿಸಿದರು. ನನ್ನ ಗೂಡ್ಸ್ ಗಾಡಿಯ ಮುಂದಿನ ಸೀಟಿನಲ್ಲಿ, ಹಿಂದೆ ಯಾರದೋ ಮನೆಯ ಕಿಟಕಿ ಸರಳು ಗಡಗಡ ಅನ್ನುತ್ತಿರಲು, ನಮ್ಮತ್ತೆ ಸಿನಿಮಾದ ಖಳನಾಯಕನ ಹಾಗೆ ಕೂತಿದ್ದಳು! "ಇನ್ನೊಸಿ ಜೋರಾಗ್ ಓಡ್ಸ್ಲಾ, ಎತ್ತಿನ್ ಗಾಡಿ ಓಡಿಸ್ದಂಗ್ ಓಡಿಸ್ತೀಯ!" ನಡುನಡುವೆ ಮಗನಿಗೆ ಫೋನು: "ಮೇಡಮ್ಮೋರ್ನ ಕೂರುಸ್ಕೊ. ನಾನ್ ಬರೋಗಂಟ ಬುಟ್ಟೀಯ, ಉಸಾರು!"

ನಾವು ತಲುಪಿದಾಗ ಗಣತಿಯ ಮೇಡಂ, ಚಿಕ್ಕ ವಯಸ್ಸಿನ ಟೀಚರು, ಎರಡನೇ ಲೋಟ ಕಾಫಿ ಮುಗಿಸಿ ಚೀಲ ಹೆಗಲಿಗೇರಿಸಿಕೊಂಡು ನಿಂತಿದ್ದರು. ಅತ್ತೆ ಚಾಪೆಯ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, "ಈಗ ಕೇಳವ್ವ," ಅಂದಳು.

ಟೀಚರು ಮೊಬೈಲ್ ತೆಗೆದು ಕೇಳುತ್ತಾ ಹೋದರು. ಹೆಸರು, ವಯಸ್ಸು, ಓದು. ಅತ್ತೆ ಪರೀಕ್ಷೆಗೆ ಕೂತವಳ ಹಾಗೆ ನಿಧಾನವಾಗಿ ಉತ್ತರಿಸಿದಳು.

"ಇದುವರೆಗೆ ಹುಟ್ಟಿದ ಮಕ್ಕಳೆಷ್ಟು ಅಜ್ಜಿ?"

"ಎಲ್ಡೇ ಮೇಡಂ, ನಾನು ನನ್ ತಮ್ಮ," ಎಂದು ಬಾವ ನಡುವೆ ಬಾಯಿ ಹಾಕಿದ.

ಅತ್ತೆ ಅವನ ಕಡೆ ತಿರುಗಲಿಲ್ಲ. "ಮೂರು ಕಣವ್ವ," ಅಂದಳು.

ಬಾವ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಬಾಗಿಲಲ್ಲಿ ನಿಂತಿದ್ದ ಸೊಸೆ ಲೋಟ ಹಿಡಿದುಕೊಂಡೇ ನಿಂತಳು.

"ಗಂಡೆಷ್ಟು, ಹೆಣ್ಣೆಷ್ಟು?"

"ಗಂಡು ಎಲ್ಡು. ಹೆಣ್ಣು ಒಂದು. ಹೆಣ್ಣೇ ದೊಡ್ಡದು."

"ಈಗ ಬದುಕಿರೋರು?"

"ಗಂಡು ಎಲ್ಡು."

ಇಷ್ಟು ವರ್ಷ ಈ ಮನೆಯ ಅನ್ನ ತಿಂದವನು ನಾನು. ಈ ಮಾತು ನಾನು ಕೇಳಿರಲಿಲ್ಲ. ಅವಳ ಮಕ್ಕಳೂ ಕೇಳಿರಲಿಲ್ಲ. ಯಾರೂ ಕೇಳದ ಒಂದು ಪ್ರಶ್ನೆಯನ್ನು ಕೇಳಲು ಹತ್ತು ವರ್ಷಕ್ಕೊಮ್ಮೆ ಒಂದು ದೇಶ ಅವಳ ಜಗಲಿಗೆ ಬರುತ್ತಿತ್ತು!

"ಅವ್ಳ್ ಎಸ್ರು ಕೇಳಕ್ಕಿಲ್ವೇನವ್ವ?" ಅಂದಳು ಅತ್ತೆ.

"ಇಲ್ಲ ಅಜ್ಜಿ, ಎಷ್ಟು ಜನ ಅಂತ ಮಾತ್ರ ಕೇಳ್ತಾರೆ."

"ಓಗ್ಲಿ ಬುಡು. ಸರ್ಯಾಗ್ ಬಿತ್ತಾ ನೋಡು ಇನ್ನೊಂದ್ಸಲ. ಅವ್ಳೂ ಸೇರ್ಕಂಡ್ಳಾ?"

ಟೀಚರು ಆ ಪ್ರಶ್ನೆಗೆ ಹಿಂದಕ್ಕೆ ಹೋಗಿ, ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

"ಸೇರ್ಕೊಂಡ್ಳು ಅಜ್ಜಿ," ಅಂದರು.